ಹೀ-ಮ್ಯಾನ್ ಕೋನನ್‌ನ ಗೊಂಬೆಯೇ? ಆಪ್ಟಿಮಸ್ ಬೂದಿಯಾದನೇ? ಹಳೆಯ ಕಾರ್ಟೂನುಗಳ ಸುತ್ತ ಹಬ್ಬಿದ ಮಾತುಗಳು

ಪ್ರಶ್ನೆ: ನಮ್ಮ ಬಡಾವಣೆಯ ಗಣೇಶೋತ್ಸವದಲ್ಲಿ ಪ್ರತಿವರ್ಷ ಒಂದು ಸಂಜೆ ಕ್ವಿಜ್ ನಡೆಸುತ್ತೇನೆ. ಆಡುವವರಲ್ಲಿ ಹೆಚ್ಚಿನವರು ದೂರದರ್ಶನದಲ್ಲಿ ಹೀ-ಮ್ಯಾನ್, ಆಮೇಲೆ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಸ್ವಾಟ್ ಕ್ಯಾಟ್ಸ್ ನೋಡಿ ಬೆಳೆದವರು. ಈ ಸಲ ಒಂದು ಸುತ್ತನ್ನು ಪೂರ್ತಿ ಹಳೆಯ ಆ್ಯಕ್ಷನ್ ಕಾರ್ಟೂನುಗಳಿಗೇ ಮೀಸಲಿಡಬೇಕೆಂದಿದ್ದೇನೆ. ವಾಟ್ಸ್ಆ್ಯಪ್, ಯೂಟ್ಯೂಬ್‌ಗಳಲ್ಲಿ ಸಿಕ್ಕಿದ್ದನ್ನು ಪಟ್ಟಿ ಮಾಡಿಟ್ಟಿದ್ದೇನೆ: ಹೀ-ಮ್ಯಾನ್ ಗೊಂಬೆ ಮೂಲತಃ ಕೋನನ್ ಸಿನಿಮಾಕ್ಕೆ ಮಾಡಿದ್ದು, ಸಿನಿಮಾ ಮಕ್ಕಳಿಗೆ ಆಗದ್ದೆಂದು ಕೂದಲಿನ ಬಣ್ಣ ಬದಲಿಸಿ ಮಾರಿದರು, ಖಳನಾಯಕ ಸ್ಕೆಲಿಟರ್ ಹೀ-ಮ್ಯಾನ್ ಆಗಿ ಬದಲಾಗುವ ರಾಜಕುಮಾರ ಆಡಮ್‌ನ ಚಿಕ್ಕಪ್ಪ, ಟ್ರಾನ್ಸ್‌ಫಾರ್ಮರ್ಸ್ ಸಿನಿಮಾದಲ್ಲಿ ರೋಬೋಟ್ ನಾಯಕ ಆಪ್ಟಿಮಸ್ ಪ್ರೈಮ್ ಸತ್ತಾಗ ಬೂದಿಯಾಗಿ ಉದುರುವ ದೃಶ್ಯವಿತ್ತು, ಮಕ್ಕಳು ಅತ್ತರೆಂದು ತೆಗೆದರು, ಅದೇ ಸಿನಿಮಾಕ್ಕೆ ಧ್ವನಿ ಕೊಡುತ್ತಿದ್ದ ನಟ ಆರ್ಸನ್ ವೆಲ್ಸ್ ಡಬ್ಬಿಂಗ್ ಮಧ್ಯೆಯೇ ತೀರಿಕೊಂಡರು, ಉಳಿದ ಮಾತನ್ನು ಲಿಯೊನಾರ್ಡ್ ನಿಮೋಯ್ ಮುಗಿಸಿದರು, ಸ್ವಾಟ್ ಕ್ಯಾಟ್ಸ್ ನಿಂತಿದ್ದು ಹಿಂಸೆ ಜಾಸ್ತಿಯಾಯಿತೆಂದು, ಪೋಕೆಮಾನ್‌ನ ಆ್ಯಶ್ ಮೊದಲ ಕಂತಿನಿಂದಲೂ ಕೋಮಾದಲ್ಲಿದ್ದಾನೆ. ಹೋದ ವರ್ಷ ಒಂದು ಪ್ರಶ್ನೆಗೆ ಎರಡು ತಂಡಗಳು ಬೇರೆ ಬೇರೆ ಉತ್ತರ ಹಿಡಿದು ಕೂತು, ಸುತ್ತನ್ನೇ ರದ್ದು ಮಾಡಬೇಕಾಯಿತು. ಇವುಗಳಲ್ಲಿ ಯಾವುದನ್ನು ಕೇಳಬಹುದು? ಸತ್ಯ ಯಾವುದೆಂದು ನಾನೇ ಪರೀಕ್ಷಿಸಿಕೊಳ್ಳುವ ದಾರಿ ಇದೆಯೇ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ಆತಂಕಕ್ಕೆ ಕಾರಣವಿದೆ. ಈ ಪಟ್ಟಿಯಲ್ಲಿ ಮೂರು ಜಾತಿಯ ಮಾತುಗಳು ಒಂದರೊಳಗೊಂದು ಬೆರೆತಿವೆ. ಕೆಲವು ಪರದೆಯ ಮೇಲೆ ಕಂಡವು. ಕಂತು ಹಾಕಿ ನೋಡಿದರೆ ತೀರ್ಮಾನವಾಗುತ್ತದೆ. ಕೆಲವು ಪರದೆಯ ಹಿಂದೆ, ಅಂದರೆ ಸ್ಟುಡಿಯೋದಲ್ಲಿ, ಗೊಂಬೆ ಕಂಪನಿಯಲ್ಲಿ, ಕೋರ್ಟಿನಲ್ಲಿ ನಡೆದವು. ಅವಕ್ಕೆ ದಾಖಲೆ ಬೇಕು. ಉಳಿದವು ನೋಡುಗರ ಊಹೆ. ಊಹೆಯನ್ನು ಪರದೆಯ ಸಂಗತಿ ಎಂಬಂತೆ ಕೇಳಿದಾಗ ಜಗಳ ಹುಟ್ಟುತ್ತದೆ, ಏಕೆಂದರೆ ಎರಡೂ ತಂಡದವರು ತಮ್ಮ ತಮ್ಮ ಮಟ್ಟಿಗೆ ಸರಿಯೇ ಇರುತ್ತಾರೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. 1980–90ರ ದಶಕದ ಆ್ಯಕ್ಷನ್ ಕಾರ್ಟೂನುಗಳಲ್ಲಿ ಕಾಣುವ ವಿಚಿತ್ರಗಳಿಗೆ, ಹೊಂದದ ಕೊಂಡಿಗಳಿಗೆ ಕಾರಣ ಹೆಚ್ಚಾಗಿ ಕಥೆಯ ಒಳಗಿರುವುದಿಲ್ಲ. ಗೊಂಬೆಯ ಅಚ್ಚು, ವಾಹಿನಿಯ ಸೆನ್ಸಾರ್ ನಿಯಮ, ವಾರಕ್ಕೆ ಐದು ಕಂತು ಮುಗಿಸಬೇಕಾದ ಒತ್ತಡ, ಎರಡು ಕಂಪನಿಗಳ ನಡುವಿನ ಹಕ್ಕಿನ ತಕರಾರು, ಇವೇ ಕಾರಣ. ಅಭಿಮಾನಿಗಳ ಸಿದ್ಧಾಂತ ಆ ಬಿರುಕನ್ನು ಕಥೆಯಿಂದ ತುಂಬಲು ನೋಡುತ್ತದೆ. ಹಾಗಾಗಿ ಯಾವುದೇ ಸಿದ್ಧಾಂತ ಕೈಗೆ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ: ಇದಕ್ಕೆ ಕಾರ್ಖಾನೆಯಲ್ಲೋ ಸ್ಟುಡಿಯೋದಲ್ಲೋ ಸರಳ ಕಾರಣ ಇದೆಯೇ?

ಹೀ-ಮ್ಯಾನ್ ಮತ್ತು ಕೋನನ್

ಇದು ಅರ್ಧ ಸತ್ಯ. ಅರ್ಧ ಸತ್ಯವನ್ನು ಒಡೆಯುವುದು ಪೂರ್ತಿ ಸುಳ್ಳನ್ನು ಒಡೆಯುವುದಕ್ಕಿಂತ ಕಷ್ಟ, ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ನಿಜವಿರುವ ಭಾಗ: ಮ್ಯಾಟೆಲ್ ಕಂಪನಿ 1981ರಲ್ಲಿ ಕೋನನ್ ಎಂಬ ಕಾಡುವೀರನ ಪಾತ್ರದ ಹಕ್ಕುದಾರರ ಜೊತೆ ಗೊಂಬೆ ತಯಾರಿಸುವ ಒಪ್ಪಂದ ಮಾಡಿಕೊಂಡಿದ್ದು ಹೌದು. ಆರ್ನಾಲ್ಡ್ ಶ್ವಾರ್ಜ್‌ನೆಗರ್ ನಟಿಸಿದ ಆ ಸಿನಿಮಾ 1982ರ ಮೇ ತಿಂಗಳಲ್ಲಿ ಬಂತು. ಅದರ ರಕ್ತಪಾತ, ನಗ್ನತೆ ಮಕ್ಕಳ ಗೊಂಬೆಗೆ ಹೊಂದುವಂಥದ್ದಾಗಿರಲಿಲ್ಲ, ಮ್ಯಾಟೆಲ್ ಒಪ್ಪಂದದಿಂದ ಹೊರಬಂತು. ಅದೇ ವರ್ಷ ಹೀ-ಮ್ಯಾನ್ ನಾಯಕನಾದ ಮಾಸ್ಟರ್ಸ್ ಆಫ್ ದಿ ಯೂನಿವರ್ಸ್ ಗೊಂಬೆಗಳು ಅಂಗಡಿಗೆ ಬಂದವು. ಈ ಎರಡನ್ನು ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಅನುಮಾನ ಬರುವುದು ಸಹಜ. ಕೋನನ್ ಹಕ್ಕುದಾರರಿಗೂ ಬಂತು, ಅವರು ನ್ಯೂಯಾರ್ಕ್‌ನ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. 1989ರ ತೀರ್ಪು ಮ್ಯಾಟೆಲ್ ಪರವಾಗಿ ಬಂತು.

ತಪ್ಪಿರುವ ಭಾಗ ದಿನಾಂಕದಲ್ಲಿದೆ. ಪ್ಲಾಸ್ಟಿಕ್ ಗೊಂಬೆಯೊಂದು ಅಂಗಡಿ ಸೇರುವ ಮೊದಲು ಚಿತ್ರ ಬರೆಯಬೇಕು, ಮಾದರಿ ಕೆತ್ತಬೇಕು, ಉಕ್ಕಿನ ಅಚ್ಚು ಕೊರೆಯಬೇಕು, ಪ್ರಯೋಗಕ್ಕೆಂದು ಕೆಲವನ್ನು ಎರಕ ಹೊಯ್ಯಬೇಕು. ಇಷ್ಟಕ್ಕೆ ಸಾಮಾನ್ಯವಾಗಿ ವರ್ಷಕ್ಕೂ ಹೆಚ್ಚು ಬೇಕು. ಮೇ ತಿಂಗಳಲ್ಲಿ ಸಿನಿಮಾ ನೋಡಿ ಬೆಚ್ಚಿಬಿದ್ದು, ಅದೇ ವರ್ಷ ಕೂದಲಿಗೆ ಹೊಂಬಣ್ಣ ಬಳಿದು ಕೋಟೆ, ಹುಲಿ, ಶತ್ರುಗಳ ಸಮೇತ ಒಂದು ಸರಣಿ ಮಾರುಕಟ್ಟೆಗಿಳಿಸುವುದು ಆಗದ ಮಾತು. ಮ್ಯಾಟೆಲ್‌ನ ಒಳಗೆ ಈ ಹುಡುಕಾಟ ಇನ್ನೂ ಹಿಂದಿನದು. 1970ರ ದಶಕದ ಮಧ್ಯದಲ್ಲಿ ಸ್ಟಾರ್ ವಾರ್ಸ್ ಗೊಂಬೆಗಳ ಹಕ್ಕನ್ನು ಮ್ಯಾಟೆಲ್ ಬೇಡವೆಂದಿತ್ತು. ಅದನ್ನು ತೆಗೆದುಕೊಂಡ ಕೆನರ್ ಕಂಪನಿ ಗೆದ್ದಿತು. ಹುಡುಗರಿಗೆ ತನ್ನದೇ ಒಂದು ಸರಣಿ ಬೇಕೆಂದು ಮ್ಯಾಟೆಲ್ ಹೊರಟಿದ್ದು ಆ ಪೆಟ್ಟಿನ ನಂತರ. ವಿನ್ಯಾಸಕ ಮಾರ್ಕ್ ಟೇಲರ್ ಬರೆದ ಕಾಡುವೀರರ ಚಿತ್ರಗಳು, ರೋಜರ್ ಸ್ವೀಟ್ ಬಿಗ್ ಜಿಮ್ ಎಂಬ ಹಳೆಯ ಗೊಂಬೆಯ ಮೇಲೆ ಜೇಡಿ ಮೆತ್ತಿ ಮಾಡಿದ ಮೂರು ಮಾದರಿಗಳು ಈ ಹುಡುಕಾಟದ ಕೂಸುಗಳು. ಆ ಮೂರರಲ್ಲಿ ಒಬ್ಬ ಕಾಡುವೀರ, ಒಬ್ಬ ಸೈನಿಕ, ಒಬ್ಬ ಅಂತರಿಕ್ಷ ಯೋಧ.

ಇಲ್ಲಿ ನಿಮಗೊಂದು ಬಲೆ ಇದೆ. 'ಹೀ-ಮ್ಯಾನ್‌ನ ಸೃಷ್ಟಿಕರ್ತ ಯಾರು?' ಎಂದು ಮಾತ್ರ ಕೇಳಬೇಡಿ. ಟೇಲರ್ ಮತ್ತು ಸ್ವೀಟ್ ಇಬ್ಬರೂ ಆ ಶ್ರೇಯ ತಮ್ಮದೆಂದು ಹೇಳಿಕೊಂಡು ಬಂದವರು, ಇಬ್ಬರಿಗೂ ಬೆಂಬಲಿಗರಿದ್ದಾರೆ. ಅದರ ಬದಲು ಹೀಗೆ ಕೇಳಿ: 'ಹೀ-ಮ್ಯಾನ್ ತನ್ನ ಪಾತ್ರದ ನಕಲೆಂದು ಮ್ಯಾಟೆಲ್ ವಿರುದ್ಧ ಕೋರ್ಟಿಗೆ ಹೋದದ್ದು ಯಾವ ಕಾಡುವೀರನ ಹಕ್ಕುದಾರರು?' ಉತ್ತರ ಒಂದೇ, ತಕರಾರಿಗೆ ಜಾಗವಿಲ್ಲ.

ಅಚ್ಚಿನಲ್ಲಿ ಅಡಗಿದ ಕಥೆಗಳು

ಆಡಮ್ ಕತ್ತಿ ಎತ್ತಿ ಹೀ-ಮ್ಯಾನ್ ಆದಾಗ ಅವನ ಹೆದರುಪುಕ್ಕಲ ಹುಲಿ ಕ್ರಿಂಜರ್ ಬ್ಯಾಟಲ್ ಕ್ಯಾಟ್ ಆಗುತ್ತದೆ. ಅಷ್ಟು ದೊಡ್ಡ ಹಸಿರು ಹುಲಿ ಏಕೆ ಎಂಬುದಕ್ಕೆ ನಾನಾ ಸಿದ್ಧಾಂತಗಳಿವೆ. ಕಾರಣ ಗೋದಾಮಿನಲ್ಲಿತ್ತು. ಬಿಗ್ ಜಿಮ್ ಸರಣಿಗೆ ಮಾಡಿದ ಹುಲಿಯ ಅಚ್ಚು ಮ್ಯಾಟೆಲ್ ಬಳಿ ಸಿದ್ಧವಿತ್ತು. ಬಿಗ್ ಜಿಮ್ ಸುಮಾರು 10 ಇಂಚಿನ ಗೊಂಬೆ, ಹೀ-ಮ್ಯಾನ್ ಐದೂವರೆ ಇಂಚು. ಹೊಸ ಗೊಂಬೆಯ ಪಕ್ಕ ಹಳೆಯ ಹುಲಿ ಕುದುರೆಯಷ್ಟು ದೊಡ್ಡದಾಗಿ ಕಂಡಿತು. ಹಾಗಾದರೆ ಸವಾರಿಗೇ ಆಗಲಿ ಎಂದು ಜೀನು ಹಾಕಿ, ಹಸಿರು ಬಣ್ಣ ಕೊಟ್ಟರು. ಹೊಸ ಉಕ್ಕಿನ ಅಚ್ಚಿನ ಖರ್ಚು ಉಳಿಯಿತು, ಕಾರ್ಟೂನಿಗೆ ಒಂದು ಅಚ್ಚುಮೆಚ್ಚಿನ ಪಾತ್ರ ಸಿಕ್ಕಿತು. ಅದೇ ಸರಣಿಯ ಬೀಸ್ಟ್ ಮ್ಯಾನ್, ಸ್ಟ್ರ್ಯಾಟೋಸ್ ಎಂಬ ಗೊಂಬೆಗಳಿಬ್ಬರ ಮೈಮೇಲೂ ಒಂದೇ ಬಗೆಯ ರೋಮವಿರುವುದಕ್ಕೂ ಇದೇ ಕಾರಣ: ಇಬ್ಬರದೂ ಒಂದೇ ಅಚ್ಚಿನ ಮುಂಡ. ಅವರು ಒಂದೇ ಕುಲದವರೆಂದು ಯಾರಾದರೂ ವಾದಿಸಿದರೆ ಕೇಳಿ ಆನಂದಿಸಬಹುದು, ಅಂಕ ಕೊಡಬೇಕಿಲ್ಲ.

ನಿಮ್ಮ ಆಟಗಾರರಲ್ಲಿ ಕೆಲವರ ಬಳಿ ಬಾಲ್ಯದ ಗೊಂಬೆ ಇನ್ನೂ ಇರಬಹುದು. ಅದನ್ನು ಸಾಕ್ಷಿಯಾಗಿ ತಂದರೆ ಜಾಗ್ರತೆ. ಭಾರತದಲ್ಲಿ ಮಾರಾಟವಾದ ಹಲವು ಹೀ-ಮ್ಯಾನ್ ಗೊಂಬೆಗಳು ಲಿಯೋ ಹೆಸರಿನಲ್ಲಿ ಇಲ್ಲಿಯೇ ತಯಾರಾದವು. ಬಣ್ಣ, ಪ್ಲಾಸ್ಟಿಕ್ ಅಮೆರಿಕದ ಗೊಂಬೆಗಿಂತ ಬೇರೆ. ಫನ್‌ಸ್ಕೂಲ್ ತಯಾರಿಸಿದ ಜಿ.ಐ. ಜೋ ಗೊಂಬೆಗಳಲ್ಲೂ ಅಮೆರಿಕದಲ್ಲಿ ಎಂದೂ ಮಾರದ ಬಣ್ಣದ ಜೋಡಣೆಗಳಿವೆ, ಹೊರದೇಶದ ಸಂಗ್ರಾಹಕರು ಅವನ್ನು ಹುಡುಕಿ ಕೊಳ್ಳುವುದೂ ಅದಕ್ಕೇ. 'ನನ್ನ ಗೊಂಬೆಯಲ್ಲಿ ಆ ಬಣ್ಣ ಇತ್ತು' ಎಂಬ ಮಾತು ಸುಳ್ಳಲ್ಲ, ಆದರೆ ಅದು ಕಾರ್ಟೂನಿನ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಬಣ್ಣದ ಮೇಲಿನ ಪ್ರಶ್ನೆಯಲ್ಲಿ 'ಟೀವಿ ಸರಣಿಯಲ್ಲಿ' ಎಂಬ ಎರಡು ಪದ ತಪ್ಪದೆ ಸೇರಿಸಿ.

ಸ್ಕೆಲಿಟರ್ ಚಿಕ್ಕಪ್ಪನೇ?

ಯಾವ ಸ್ಕೆಲಿಟರ್ ಎಂಬುದರ ಮೇಲೆ ಹೋಗುತ್ತದೆ. 1983ರಲ್ಲಿ ಶುರುವಾದ, ನಮ್ಮ ದೂರದರ್ಶನದಲ್ಲಿ ಬಂದ ಫಿಲ್ಮೇಷನ್ ಸ್ಟುಡಿಯೋದ ಸರಣಿಯಲ್ಲಿ ಅಂಥ ಸಂಬಂಧವಿಲ್ಲ. 1980ರ ದಶಕದ ಉತ್ತರಾರ್ಧದಲ್ಲಿ ಗೊಂಬೆಯ ಜೊತೆ ಕೊಡುತ್ತಿದ್ದ ಪುಟ್ಟ ಕಾಮಿಕ್ಸ್ ಒಂದರಲ್ಲಿ ಆಡಮ್‌ನ ತಂದೆ, ರಾಜ ರ‍್ಯಾಂಡರ್ ಕಾಣೆಯಾದ ತಮ್ಮ ಕೆಲ್ಡರ್‌ನನ್ನು ಹುಡುಕುತ್ತಾನೆ, ಆ ಹುಡುಕಾಟ ಮುಂದುವರಿಯದಂತೆ ಸ್ಕೆಲಿಟರ್ ತಡೆಯುತ್ತಾನೆ. ಓದುವ ಮಗುವಿಗೆ ಅರ್ಥವಾಗುವಷ್ಟು ಸುಳಿವು ಇದೆ, ನೇರ ಮಾತಿಲ್ಲ. 2002ರ ಹೊಸ ಸರಣಿ ಕೆಲ್ಡರ್ ಎಂಬವನೇ ಸ್ಕೆಲಿಟರ್ ಆದ ಬಗೆಯನ್ನು ತೋರಿಸಿತು. ಆಮೇಲಿನ ಸಂಗ್ರಾಹಕರ ಗೊಂಬೆಗಳ ಪರಿಚಯ ಬರಹಗಳಲ್ಲಿ ಅಣ್ಣತಮ್ಮಂದಿರ ಸಂಬಂಧ ಸ್ಪಷ್ಟವಾಯಿತು. ಒಂದೇ ಪ್ರಶ್ನೆಗೆ ಮೂರು ಕಾಲದಲ್ಲಿ ಮೂರು ಉತ್ತರ. ಹೋದ ವರ್ಷ ನಿಮ್ಮಲ್ಲಿ ನಡೆದದ್ದೂ ಬಹುಶಃ ಇಂಥದ್ದೇ ಇರಬೇಕು.

ಕುಟುಂಬದ ಗುಟ್ಟೇ ಬೇಕೆಂದರೆ ಪರದೆಯ ಮೇಲೆಯೇ ಇರುವ ಎರಡನ್ನು ಬಳಸಿ. ಅರಮನೆಯ ಕಾವಲುಪಡೆಯ ನಾಯಕಿ ಟೀಲಾಳ ಹೆತ್ತ ತಾಯಿ ಗ್ರೇಸ್ಕಲ್ ಕೋಟೆಯ ಮಾಂತ್ರಿಕೆ ಸಾರ್ಸರೆಸ್ ಎಂಬುದು 'ಟೀಲಾಸ್ ಕ್ವೆಸ್ಟ್' ಕಂತಿನಲ್ಲಿ ಬರುತ್ತದೆ. ಆಡಮ್‌ನ ತಾಯಿ ರಾಣಿ ಮಾರ್ಲೆನಾ ಭೂಮಿಯಿಂದ ಹೋದ ಗಗನಯಾತ್ರಿ. 'ದಿ ರೇನ್‌ಬೋ ವಾರಿಯರ್' ಕಂತಿನಲ್ಲಿ ಅವಳೇ ಯುದ್ಧವಿಮಾನ ಹಾರಿಸುತ್ತಾಳೆ. ಬಹಳ ಜನ ಇವನ್ನು ಅಭಿಮಾನಿಗಳ ಕಲ್ಪನೆ ಎಂದುಕೊಂಡಿದ್ದಾರೆ, ಆದ್ದರಿಂದ ಕ್ವಿಜ್‌ಗೆ ಹೇಳಿ ಮಾಡಿಸಿದ ಪ್ರಶ್ನೆಗಳು.

ಮುಖವಾಡವೂ ಇಲ್ಲದೆ ಆಡಮ್‌ನನ್ನು ಯಾರೂ ಹೀ-ಮ್ಯಾನ್ ಎಂದು ಗುರುತಿಸುವುದಿಲ್ಲವಲ್ಲ, ಇದಕ್ಕೆ ಮಂತ್ರಶಕ್ತಿಯ ಸಿದ್ಧಾಂತ ಹೇಳುವವರಿದ್ದಾರೆ. 1982ರ ಮೊದಲ ಪುಟ್ಟ ಕಾಮಿಕ್ಸ್‌ಗಳಲ್ಲಿ ಆಡಮ್ ಎಂಬ ಪಾತ್ರವೇ ಇಲ್ಲ. ಹೀ-ಮ್ಯಾನ್ ಕಾಡಿನ ಬುಡಕಟ್ಟಿನಿಂದ ಹೊರಟ ಒಂಟಿ ವೀರ. ಅದೇ ವರ್ಷ ಡಿಸಿ ಕಾಮಿಕ್ಸ್ ರಾಜಕುಮಾರನನ್ನು ಸೇರಿಸಿತು, ಫಿಲ್ಮೇಷನ್ ಅದನ್ನು ಮುಂದುವರಿಸಿತು. ಅವರು ಆಡಮ್‌ಗೂ ಹೀ-ಮ್ಯಾನ್‌ಗೂ ಹೆಚ್ಚುಕಡಿಮೆ ಒಂದೇ ಮುಖದ ರೇಖಾಚಿತ್ರ ಬಳಸಿದರು, ಬಟ್ಟೆ ಮತ್ತು ಬಣ್ಣ ಬದಲಿಸಿದರು. ಎರಡು ಮುಖ ಚಿತ್ರಿಸುವ ಶ್ರಮ ಉಳಿಯಿತು.

ಈ ಉಳಿತಾಯ ಎಷ್ಟು ಮುಖ್ಯವಾಗಿತ್ತೆಂದು ತಿಳಿದರೆ ಉಳಿದ ವಿಚಿತ್ರಗಳೂ ಬಿಡಿಸಿಕೊಳ್ಳುತ್ತವೆ. ಆ ಕಾಲದ ಬಹಳ ಸರಣಿಗಳಿಗೆ 65 ಕಂತುಗಳೇ ಏಕೆ? ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು, ಹೀಗೆ 13 ವಾರ: 65. ಒಂದು ಋತುವಿಗೆ ಒಂದೇ ಸಲ 65 ಅರ್ಧ ಗಂಟೆಯ ಕಾರ್ಟೂನ್ ಸಿದ್ಧವಿರಬೇಕು. ಹೀ-ಮ್ಯಾನ್ ಅಂಥ ಎರಡು ಋತು ನಡೆದು 130 ಕಂತುಗಳಾದವು. ಬೇರೆ ಸ್ಟುಡಿಯೋಗಳು ಕೂಲಿ ಅಗ್ಗವಿದ್ದ ಏಷ್ಯಾದ ದೇಶಗಳಿಗೆ ಚಿತ್ರಿಸುವ ಕೆಲಸ ಕಳಿಸುತ್ತಿದ್ದಾಗ, ಲೂ ಶೈಮರ್ ಅವರ ಫಿಲ್ಮೇಷನ್ ಅದನ್ನು ಅಮೆರಿಕದಲ್ಲಿಯೇ ಇಟ್ಟುಕೊಂಡಿತು. ಖರ್ಚು ಹೊಂದಿಸಲು ಅವರು ಹಿಡಿದ ದಾರಿ ಚಲನೆಗಳ ಭಂಡಾರ: ಹೀ-ಮ್ಯಾನ್ ಓಡುವುದು, ಹೊರಳುವುದು, ನಮ್ಮತ್ತ ಮುಷ್ಟಿ ಬೀಸುವುದು ಇವನ್ನೆಲ್ಲ ಒಮ್ಮೆ ಚೆನ್ನಾಗಿ ಚಿತ್ರಿಸಿ, ಹಿನ್ನೆಲೆ ಬದಲಿಸಿ ಮತ್ತೆ ಮತ್ತೆ ಬಳಸುವುದು. ಅದನ್ನೇ ಎಡಬಲ ತಿರುಗಿಸಿದರೆ ಇನ್ನೊಂದು ದೃಶ್ಯ. ಮಾಂತ್ರಿಕ ಆರ್ಕೋನ ಎದೆಯ ಮೇಲೆ 'ಓ' ಅಕ್ಷರ ಇರುವುದರ ಗುಟ್ಟೂ ಇದೇ. ಆ ಪಾತ್ರಕ್ಕೆ ಮೊದಲು ಇಟ್ಟ ಹೆಸರು ಗೋರ್ಪೋ. ಇಂಗ್ಲಿಷಿನ 'ಜಿ' ಅಕ್ಷರ ತಿರುಗಿಸಿದರೆ ಉಲ್ಟಾ ಕಾಣುತ್ತದೆ, 'ಓ' ಎರಡೂ ಕಡೆಯಿಂದ ಒಂದೇ. ಹೆಸರು ಬದಲಾಯಿತು.

ಕೈಯಲ್ಲಿ ಅಂಥ ಕತ್ತಿ ಇದ್ದೂ ಹೀ-ಮ್ಯಾನ್ ಒಬ್ಬರನ್ನೂ ಇರಿಯುವುದಿಲ್ಲ, ಎತ್ತಿ ಕೆಸರಿಗೆ ಎಸೆಯುತ್ತಾನೆ. ಮಕ್ಕಳ ಕಾರ್ಯಕ್ರಮದ ನಿಯಮ ಅದು. ಈ ಬಗೆಯ ನಿಯಮಗಳಿಂದ ಹುಟ್ಟಿದ ವಿಚಿತ್ರಗಳು ನಿಮಗೆ ಒಂದು ಸುತ್ತಿಗಾಗುವಷ್ಟಿವೆ. 1994ರ ಸ್ಪೈಡರ್-ಮ್ಯಾನ್ ಸರಣಿಯಲ್ಲಿ ಮಾರ್ಬಿಯಸ್ ಎಂಬ ರಕ್ತಪಿಶಾಚಿ ಕಚ್ಚುವುದಿಲ್ಲ, ರಕ್ತ ಎಂಬ ಪದವನ್ನೂ ಆಡುವುದಿಲ್ಲ. ಅಂಗೈಯಲ್ಲಿರುವ ಹೀರುಬಾಯಿಗಳಿಂದ 'ಪ್ಲಾಸ್ಮಾ' ಹೀರುತ್ತಾನೆ. ಅದೇ ಸರಣಿಯಲ್ಲಿ ಪೊಲೀಸರ ಕೈಯಲ್ಲೂ ಲೇಸರ್ ಬಂದೂಕು, ಸ್ಪೈಡರ್-ಮ್ಯಾನ್ ಗುದ್ದುವುದು ಅಪರೂಪ. ಎರಡು ವರ್ಷ ಮೊದಲು ಅದೇ ಫಾಕ್ಸ್ ವಾಹಿನಿಯಲ್ಲಿ ಶುರುವಾದ ಬ್ಯಾಟ್‌ಮ್ಯಾನ್ ಸರಣಿಯಲ್ಲಿ ಗುಂಡು ಹಾರಿಸುವ ಸಾಮಾನ್ಯ ಬಂದೂಕುಗಳೇ ಇದ್ದವು. ನಿಂಜಾ ಟರ್ಟಲ್ಸ್ ಬ್ರಿಟನ್ನಿಗೆ ಹೋದಾಗ 'ನಿಂಜಾ' ಪದ ತೆಗೆದು 'ಹೀರೋ ಟರ್ಟಲ್ಸ್' ಮಾಡಿದರು. ಮೈಕೆಲ್ಯಾಂಜೆಲೊನ ನಂಚಾಕು (ಸರಪಳಿ ಕಟ್ಟಿದ ಜೋಡಿಕೋಲಿನ ಆಯುಧ) ಇರುವ ದೃಶ್ಯಗಳನ್ನು ಕತ್ತರಿಸಿದರು. ಮುಂದಿನ ಕಂತುಗಳಲ್ಲಿ ಅವನ ಕೈಗೆ ನಂಚಾಕುವಿನ ಬದಲು ಹಗ್ಗದ ಕೊಕ್ಕೆ ಬಂತು. ಅವನು ಹಿಂಸೆ ಬಿಟ್ಟನೆಂಬ ಸಿದ್ಧಾಂತ ಚೆಂದವಿದೆ, ಕಾರಣ ಸೆನ್ಸಾರ್ ಕತ್ತರಿ.

ಆಪ್ಟಿಮಸ್, ಬೂದಿ, ಆರ್ಸನ್ ವೆಲ್ಸ್

ಟ್ರಾನ್ಸ್‌ಫಾರ್ಮರ್ಸ್ ಚಿತ್ರ ಅಮೆರಿಕದಲ್ಲಿ 1986ರ ಆಗಸ್ಟ್ 8ರಂದು ಬಿಡುಗಡೆಯಾಯಿತು. ಆಪ್ಟಿಮಸ್ ಪ್ರೈಮ್ ಅದರ ಮೊದಲರ್ಧದಲ್ಲಿಯೇ ಸಾಯುತ್ತಾನೆ. ಪರದೆಯ ಮೇಲೆ ಆಗುವುದು ಇಷ್ಟು: ಕೆಂಪು ನೀಲಿ ಬಣ್ಣ ಬತ್ತಿ ಮೈ ಬೂದುಬಣ್ಣಕ್ಕೆ ತಿರುಗುತ್ತದೆ, ತಲೆ ವಾಲುತ್ತದೆ. ಬೂದಿಯಾಗಿ ಉದುರುವುದು ಅದೇ ಚಿತ್ರದಲ್ಲಿ ಸ್ವಲ್ಪ ಮುಂದೆ ಖಳನಾಯಕ ಗ್ಯಾಲ್ವಟ್ರಾನ್ ಸುಡುವ ಇನ್ನೊಬ್ಬ ರೋಬೋಟ್ ಸ್ಟಾರ್‌ಸ್ಕ್ರೀಮ್. ಎಂಟು ವರ್ಷದ ಮಗು ಅಳುತ್ತ ನೋಡಿದ ಎರಡು ಸಾವುಗಳು ಮೂವತ್ತು ವರ್ಷಗಳಲ್ಲಿ ಒಂದಾಗಿಬಿಡುವುದು ಆಶ್ಚರ್ಯವಲ್ಲ. 'ಬೂದು' ಮತ್ತು 'ಬೂದಿ' ಎರಡನ್ನೂ ಪ್ರಶ್ನೆಯಲ್ಲಿ ಬಿಡಿಬಿಡಿಯಾಗಿ ಬರೆಯಿರಿ, ಓದುವಾಗ ಒತ್ತಿ ಓದಿ.

ಸಾವಿಗೆ ಕಾರಣ ಗೊಂಬೆಯ ಕಪಾಟು. 1984–85ರ ಗೊಂಬೆಗಳನ್ನು ತೆಗೆದು 1986ರ ಹಾಟ್ ರಾಡ್, ಅಲ್ಟ್ರಾ ಮ್ಯಾಗ್ನಸ್ ಮುಂತಾದವಕ್ಕೆ ಜಾಗ ಮಾಡಬೇಕಿತ್ತು. ಗೊಂಬೆ ಕಂಪನಿ ಹ್ಯಾಸ್ಬ್ರೋದವರಿಗೆ ಆಪ್ಟಿಮಸ್ ಒಂದು ಹಳೆಯ ಸರಕು. ಮಕ್ಕಳಿಗೆ ಅವನು ತಂದೆಯಂಥವನಾಗಿದ್ದ. ಪ್ರತಿಭಟನೆಯ ಬಿಸಿ ಎಷ್ಟಿತ್ತೆಂದರೆ 1987ರಲ್ಲಿ ಅವನನ್ನು ಎರಡು ಕಂತಿನ ಕಥೆಯಲ್ಲಿ ಮರಳಿ ತಂದರು. ಅದೇ ವರ್ಷದ ಜಿ.ಐ. ಜೋ ಚಿತ್ರದಲ್ಲಿ ಸೈನಿಕ ಡ್ಯೂಕ್ ಎದೆಗೆ ಸರ್ಪದ ಈಟಿ ನಾಟಿ ಬೀಳುತ್ತಾನೆ. ಅವನು ಸಾಯಬೇಕಿತ್ತು, ಸತ್ತಂತೆಯೇ ಚಿತ್ರಿಸಲಾಗಿತ್ತು. ಕೊನೆಗೆ ಮಾತು ಮಾತ್ರ ಬದಲಿಸಿ ಅವನು ಕೋಮಾಕ್ಕೆ ಜಾರಿದನೆಂದರು, ಚಿತ್ರದ ಅಂತ್ಯದಲ್ಲಿ ಚೇತರಿಸಿಕೊಂಡನೆಂಬ ಸುದ್ದಿ ಕೇವಲ ಧ್ವನಿಯಾಗಿ ಬರುತ್ತದೆ. ದೃಶ್ಯವನ್ನೂ ಮಾತನ್ನೂ ಬೇರೆ ಬೇರೆಯಾಗಿ ಗಮನಿಸಿ ನೋಡಿ, ಹೊಲಿಗೆ ಎದ್ದು ಕಾಣುತ್ತದೆ. ಇದು ನಿಮ್ಮ ಸುತ್ತಿನ ಅತ್ಯುತ್ತಮ ವಿಡಿಯೋ ಪ್ರಶ್ನೆಯಾಗಬಲ್ಲದು.

ಬೂದಿಯ ಮಾತು ಹಬ್ಬಲು ಇನ್ನೊಂದು ಅನುಕೂಲ, ಆ ಚಿತ್ರದ ಪ್ರತಿಗಳು ನಿಜಕ್ಕೂ ಒಂದೇ ಥರ ಇಲ್ಲ. ಬ್ರಿಟನ್ನಿನ ಪ್ರತಿಯಲ್ಲಿ ಆರಂಭಕ್ಕೆ ಓಡುವ ಅಕ್ಷರಗಳಿವೆ, ಕೊನೆಗೆ ಆಪ್ಟಿಮಸ್ ಮರಳಿ ಬರುತ್ತಾನೆಂದು ಭರವಸೆ ಕೊಡುವ ಧ್ವನಿ ಇದೆ. ಸ್ಪೈಕ್ ಎಂಬ ಪಾತ್ರ ಆಡುವ ಒಂದು ಬೈಗುಳ ಕೆಲವು ಕ್ಯಾಸೆಟ್‌ಗಳಲ್ಲಿ ಇಲ್ಲ. ನಿಜವಾದ ವ್ಯತ್ಯಾಸಗಳಿರುವ ಕಡೆ ಸುಳ್ಳು ವ್ಯತ್ಯಾಸವೂ ಸುಲಭವಾಗಿ ನಂಬಿಕೆ ಗಳಿಸುತ್ತದೆ.

ಆರ್ಸನ್ ವೆಲ್ಸ್ ವಿಷಯ ಸರಳ. ಗ್ರಹಗಳನ್ನು ನುಂಗುವ ಯುನಿಕ್ರಾನ್‌ಗೆ ಅವರು ಧ್ವನಿ ಕೊಟ್ಟಿದ್ದು 1985ರ ಅಕ್ಟೋಬರ್ 5ರಂದು, ತೀರಿಕೊಂಡಿದ್ದು ಅಕ್ಟೋಬರ್ 10ರಂದು. ಆ ಐದು ದಿನಗಳ ಅಂತರವೇ 'ಮಧ್ಯದಲ್ಲಿಯೇ ತೀರಿಕೊಂಡರು' ಎಂಬ ಮಾತಿಗೆ ಬೀಜ. ನಿಮೋಯ್ ಅದೇ ಚಿತ್ರದಲ್ಲಿದ್ದಾರೆ, ಆದರೆ ಗ್ಯಾಲ್ವಟ್ರಾನ್ ಆಗಿ. ಇಬ್ಬರೂ ಪ್ರಸಿದ್ಧರು, ಇಬ್ಬರದೂ ಗಂಭೀರ ದನಿ, ಅಷ್ಟು ಸಾಕಾಯಿತು.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದನ್ನು ಸೇರಿಸಿಕೊಳ್ಳಿ ಎನ್ನುತ್ತೇನೆ. ಗೊಂಬೆಯ ಹೆಸರು ಜೆಟ್‌ಫೈರ್, ಕಾರ್ಟೂನಿನಲ್ಲಿ ಅದೇ ಪಾತ್ರ ಸ್ಕೈಫೈರ್, ರೂಪವೂ ಬೇರೆ. ಇಬ್ಬರೂ ಅಣ್ಣತಮ್ಮಂದಿರೆಂಬ ಸಿದ್ಧಾಂತವನ್ನು ಬದಿಗಿಟ್ಟು ಅಚ್ಚು ಎಲ್ಲಿಂದ ಬಂತು ನೋಡಿ. ಟ್ರಾನ್ಸ್‌ಫಾರ್ಮರ್ಸ್ ಗೊಂಬೆಗಳಲ್ಲಿ ಬಹುಪಾಲು ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್, ಮೈಕ್ರೋ ಚೇಂಜ್ ಸರಣಿಗಳಿಂದ ಬಂದವು. ಜೆಟ್‌ಫೈರ್ ಮಾತ್ರ ಟಕಾಟೋಕು ಕಂಪನಿ ಮಾಡಿದ, ಮ್ಯಾಕ್ರಾಸ್ ಎಂಬ ಜಪಾನಿ ಕಾರ್ಟೂನಿನ ವಿಮಾನ. ಮ್ಯಾಕ್ರಾಸ್ ಗೊಂಬೆಗಳ ಹಕ್ಕು ಮುಂದೆ ಟಕಾರಾದ ಪ್ರತಿಸ್ಪರ್ಧಿ ಬಂದಾಯ್ ಕೈಸೇರಿತು. ಪ್ರತಿಸ್ಪರ್ಧಿಯ ಗೊಂಬೆಗೆ ತಮ್ಮ ಕಾರ್ಟೂನಿನಲ್ಲಿ ಪ್ರಚಾರ ಕೊಡಲು ಯಾರು ಒಪ್ಪುತ್ತಾರೆ? ರೂಪ, ಹೆಸರು ಎರಡನ್ನೂ ಬದಲಿಸಿದರು.

ಸ್ವಾಟ್ ಕ್ಯಾಟ್ಸ್ ಮತ್ತು ಕೋಮಾ

ಸ್ವಾಟ್ ಕ್ಯಾಟ್ಸ್ ಬಗ್ಗೆ ನಮ್ಮವರಿಗಿರುವ ಪ್ರೀತಿ ದೊಡ್ಡದು, ಆದ್ದರಿಂದ ಇಲ್ಲಿ ಮಾತು ಅಳೆದು ಆಡಬೇಕು. ಕ್ರಿಸ್ಟಿಯನ್ ಮತ್ತು ಇವಾನ್ ಟ್ರೆಂಬ್ಲೆ ಸಹೋದರರು ಹುಟ್ಟುಹಾಕಿದ ಈ ಸರಣಿಯನ್ನು ಹ್ಯಾನಾ-ಬಾರ್ಬೆರಾ ನಿರ್ಮಿಸಿತು. 1993ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 1995ರ ಜನವರಿಯಲ್ಲಿ ಮುಗಿಯಿತು. ಜನಪ್ರಿಯವಾಗಿದ್ದಾಗಲೇ ನಿಂತಿತು, ಮೂರು ಕಂತುಗಳು ಅರ್ಧಕ್ಕೇ ಉಳಿದವು, ಇದು ಸರಿ. ಹಿಂಸೆಯೇ ಏಕೈಕ ಕಾರಣವೆಂಬುದು ಪ್ರಸಿದ್ಧ ಮಾತು, ಆದರೆ ಕ್ವಿಜ್ ಉತ್ತರವಾಗುವಷ್ಟು ಗಟ್ಟಿಯಲ್ಲ. ಒಂದು ಸರಣಿ ನಿಲ್ಲುವಾಗ ಖರ್ಚು, ಗೊಂಬೆಗಳ ಮಾರಾಟ, ಮಾಲೀಕರ ಅಭಿರುಚಿ, ವಾಹಿನಿಯ ಯೋಜನೆ ಎಲ್ಲವೂ ಒಟ್ಟಿಗೆ ತೂಗುತ್ತವೆ. 'ಏಕೆ ನಿಂತಿತು?' ಎಂಬ ಪ್ರಶ್ನೆ ಬಿಡಿ.

ಅದರ ಬದಲು ಕಾಲದ ಲೆಕ್ಕ ಕೇಳಿ. ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಿದ್ದು 1995ರಲ್ಲಿ. ಅಂದರೆ ನಮ್ಮ ಮಕ್ಕಳು ಸ್ವಾಟ್ ಕ್ಯಾಟ್ಸ್‌ಗೆ ಕಾಯಲು ಶುರುಮಾಡುವ ಹೊತ್ತಿಗೆ ಅಮೆರಿಕದಲ್ಲಿ ಹೊಸ ಕಂತುಗಳು ನಿಂತುಹೋಗಿದ್ದವು. ಸ್ಟುಡಿಯೋ, ವಾಹಿನಿ ಎರಡೂ ಟರ್ನರ್ ಕಂಪನಿಯವೇ ಆಗಿದ್ದರಿಂದ ಇರುವ ಕೆಲವೇ ಕಂತುಗಳನ್ನು ವರ್ಷಗಟ್ಟಲೆ ತಿರುಗಿಸಿ ತೋರಿಸಲು ಅಡ್ಡಿ ಇರಲಿಲ್ಲ. ನಮ್ಮಲ್ಲಿ ಅದು ತುಂಬ ಉದ್ದದ ಸರಣಿ ಎಂಬ ನೆನಪು ಉಳಿದಿರುವುದು ಅದಕ್ಕೇ. ಕಂತುಗಳ ಕ್ರಮದ ಬಗ್ಗೆ ಎಚ್ಚರ: ಕಥೆಯ ನಾಯಕ ಬೆಕ್ಕುಗಳಾದ ಚಾನ್ಸ್ ಮತ್ತು ಜೇಕ್ ಎನ್‌ಫೋರ್ಸರ್ಸ್ ಪಡೆಯಿಂದ ಹೊರಬಿದ್ದು ಗುಜರಿ ಅಂಗಳ ಸೇರಿದ ಹಿನ್ನೆಲೆ 'ದಿ ರ‍್ಯಾತ್ ಆಫ್ ಡಾರ್ಕ್ ಕ್ಯಾಟ್' ಕಂತಿನಲ್ಲಿದೆ, ಆದರೆ ಮೊದಲು ಪ್ರಸಾರವಾದ ಕಂತು ಅದಲ್ಲ, ಖಳನಾಯಕ ಪಾಸ್ಟ್‌ಮಾಸ್ಟರ್‌ನದು. ಫೆರಾಲ್‌ಗೆ (ಎನ್‌ಫೋರ್ಸರ್ಸ್ ಪಡೆಯ ಮುಖ್ಯಸ್ಥ) ಅವರಿಬ್ಬರೇ ಸ್ವಾಟ್ ಕ್ಯಾಟ್ಸ್ ಎಂಬ ಗುಟ್ಟು ಗೊತ್ತಿತ್ತೆಂಬ ಸಿದ್ಧಾಂತ ನನಗೂ ಇಷ್ಟ. ಆದರೆ ಅದು ಊಹೆ.

ಆ್ಯಶ್‌ನ ಕೋಮಾ ಸಿದ್ಧಾಂತವನ್ನು ಪೂರ್ತಿ ಕೈಬಿಡಿ. ಯಾವ ಕಾರ್ಟೂನಿಗಾದರೂ ಅದನ್ನು ಅಂಟಿಸಬಹುದು, ಏನು ತೋರಿಸಿದರೂ 'ಅದೂ ಕನಸೇ' ಎನ್ನಬಹುದು. ಸುಳ್ಳೆಂದು ತೋರಿಸಲು ದಾರಿಯೇ ಇಲ್ಲದ ಮಾತಿಗೆ ಸರಿ ಉತ್ತರವೂ ಇರುವುದಿಲ್ಲ. ಆ್ಯಶ್ ಬೆಳೆಯದಿರಲು ಕಾರಣ, ಪ್ರತಿ ಹೊಸ ವಿಡಿಯೋ ಗೇಮ್ ಜೊತೆ ಹೊಸ ಹತ್ತು ವರ್ಷದ ನೋಡುಗರು ಬರುತ್ತಿದ್ದರು, ಅವರಿಗೆ ಹತ್ತು ವರ್ಷದ ನಾಯಕ ಬೇಕಿತ್ತು.

ಪರೀಕ್ಷಿಸುವ ಬಗೆ

ಪರದೆಯ ಸಂಗತಿಗೆ ಕಂತಿನ ಹೆಸರು, ಯಾವ ಪ್ರತಿ, ಎಷ್ಟನೇ ನಿಮಿಷ ಮೂರನ್ನೂ ಬರೆದಿಟ್ಟುಕೊಳ್ಳಿ. ನಿಮಿಷದ ವಿಷಯದಲ್ಲಿ ಒಂದು ತೊಡಕಿದೆ. ಸಿನಿಮಾ ರೀಲು ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ, ಭಾರತ ಮತ್ತು ಯುರೋಪಿನ ಪಾಲ್ ಟೀವಿ ಪದ್ಧತಿಯಲ್ಲಿ 25. ರೀಲಿನಿಂದ ನೇರ ಪಾಲ್‌ಗೆ ಇಳಿಸಿದ ಪ್ರತಿ ಶೇ. 4ರಷ್ಟು ವೇಗವಾಗಿ ಓಡುತ್ತದೆ. 22 ನಿಮಿಷದ ಕಂತು ಸುಮಾರು 53 ಸೆಕೆಂಡು ಬೇಗ ಮುಗಿಯುತ್ತದೆ, ಧ್ವನಿಯೂ ತುಸು ಏರುತ್ತದೆ. ನಿಮ್ಮ ಟಿಪ್ಪಣಿಯ 18ನೇ ನಿಮಿಷದ ದೃಶ್ಯ ಎದುರಿನವರ ಮೊಬೈಲಿನಲ್ಲಿ ಮುಕ್ಕಾಲು ನಿಮಿಷ ಆಚೀಚೆ ಸಿಗಬಹುದು. 'ಬಾಲ್ಯದಲ್ಲಿ ಸ್ಕೆಲಿಟರ್ ಧ್ವನಿ ಬೇರೆ ಇತ್ತು, ನಟರನ್ನು ಬದಲಿಸಿದ್ದಾರೆ' ಎಂಬ ವಾದಕ್ಕೂ ಇಂಥ ಪ್ರತಿ ಕಾರಣವಾಗಿರಬಹುದು. 1983ರ ಸರಣಿಯಲ್ಲಿ ಆ ಧ್ವನಿ ಅಲನ್ ಆಪನ್‌ಹೈಮರ್ ಅವರದು.

ಪರದೆಯ ಹಿಂದಿನ ಸಂಗತಿಗೆ ಮೊದಲು ದಿನಾಂಕಗಳನ್ನು ಸಾಲಾಗಿ ಬರೆಯಿರಿ. ಕೋನನ್ ಮತ್ತು ವೆಲ್ಸ್ ಎರಡೂ ಕಥೆಗಳು ಬಿಡಿಸಿಕೊಂಡಿದ್ದು ಕ್ಯಾಲೆಂಡರಿನಿಂದಲೇ. ಆಮೇಲೆ ಹೇಳಿದವರು ಯಾರು, ಘಟನೆಯಾಗಿ ಎಷ್ಟು ವರ್ಷಕ್ಕೆ ಹೇಳಿದರು ನೋಡಿ. ಕಲಾವಿದರು ಇಪ್ಪತ್ತು ವರ್ಷದ ನಂತರ ಸಂದರ್ಶನದಲ್ಲಿ ಹೇಳಿದ್ದಕ್ಕೂ ಅಂದಿನ ಪತ್ರಕ್ಕೂ ಒಂದೇ ತೂಕವಿಲ್ಲ. ಒಬ್ಬರ ಮಾತು ಮಾತ್ರ ಇದ್ದರೆ ಪ್ರಶ್ನೆಯಲ್ಲಿಯೇ 'ಇವರ ಪ್ರಕಾರ' ಎಂದು ಸೇರಿಸಿ. ಹತ್ತು ಕಡೆ ಒಂದೇ ವಾಕ್ಯ ಪದಕ್ಕೆ ಪದ ಸಿಕ್ಕರೆ ಅದು ಹತ್ತು ಸಾಕ್ಷಿ ಅಲ್ಲ, ಒಂದರ ಒಂಬತ್ತು ನಕಲು.

ನಿಮ್ಮ ಮುಂದೆ ಮೂರು ದಾರಿಗಳಿವೆ. ಪರದೆಯ ಸಂಗತಿಗಳನ್ನಷ್ಟೇ ಕೇಳಿದರೆ ಜಗಳ ಕಡಿಮೆ, ಆದರೆ ಪಕ್ಕಾ ಅಭಿಮಾನಿ ಇರುವ ತಂಡ ಒಂದೇ ಏಟಿಗೆ ಎಲ್ಲವನ್ನೂ ಗೆದ್ದುಕೊಂಡು ಹೋಗುತ್ತದೆ. ಅಚ್ಚು, ಸೆನ್ಸಾರ್, ಕೋರ್ಟಿನ ಸಂಗತಿ ಕೇಳಿದರೆ ಕಾರ್ಟೂನ್ ಅಷ್ಟಾಗಿ ನೋಡದವರೂ ತರ್ಕದಿಂದ ಉತ್ತರಿಸಬಹುದು. ನಿಮ್ಮ ತಯಾರಿ ಮಾತ್ರ ಗಟ್ಟಿ ಇರಬೇಕು. ಸಿದ್ಧಾಂತಗಳನ್ನೇ ಕೊಟ್ಟು 'ಪರದೆಯ ಮೇಲೆ ಇದೆಯೇ, ಅಭಿಮಾನಿಗಳ ಊಹೆಯೇ?' ಎಂದು ಕೇಳುವುದು ಎಲ್ಲಕ್ಕಿಂತ ಮಜಾ, ಅಪಾಯವೂ ಅದಕ್ಕೇ ಜಾಸ್ತಿ, ಏಕೆಂದರೆ ಹೊಸ ಸರಣಿಗಳು ಹಳೆಯ ಊಹೆಯನ್ನು ನಿಜ ಮಾಡಿಬಿಡುತ್ತವೆ. ಕೆಲ್ಡರ್ ಕಥೆ ನೋಡಿದಿರಲ್ಲ. ಆ ಬಗೆಯ ಪ್ರಶ್ನೆಗಳಲ್ಲಿ ಸರಣಿಯ ಇಸವಿಯನ್ನು ಪ್ರಶ್ನೆಯ ಮೊದಲ ಪದವಾಗಿಸಿ: '1983ರ ಸರಣಿಯಲ್ಲಿ…'

ನನ್ನ ಸಲಹೆ ಹತ್ತು ಪ್ರಶ್ನೆಯ ಸುತ್ತಿಗೆ ಪರದೆಯ ಸಂಗತಿ ನಾಲ್ಕು, ಹಿಂದಿನ ಸಂಗತಿ ನಾಲ್ಕು, ಊಹೆಯೋ ನಿಜವೋ ಎರಡು. ವಿಡಿಯೋ ತುಣುಕು 30 ಸೆಕೆಂಡು ಮೀರದಿರಲಿ, ಪೆಂಡಾಲಿನಲ್ಲಿ ಮಾತು ಕೇಳಿಸುವುದು ಕಷ್ಟ, ಆದ್ದರಿಂದ ಡ್ಯೂಕ್ ದೃಶ್ಯದ ಮಾತನ್ನು ಕನ್ನಡದಲ್ಲಿ ಬರೆದು ಪರದೆಯ ಕೆಳಗೆ ಹಾಕಿ. ಆಕ್ಷೇಪಣೆಗೆ ಒಂದು ತಂಡಕ್ಕೆ ಒಂದೇ ಅವಕಾಶ, ಸುತ್ತು ಮುಗಿದ ಮೇಲೆ ಮಾತ್ರ ಎಂದು ಶುರುವಿನಲ್ಲಿಯೇ ಸಾರಿಬಿಡಿ. ಎರಡು ಉತ್ತರಕ್ಕೂ ಆಧಾರ ಸಿಕ್ಕರೆ ಎರಡಕ್ಕೂ ಪೂರ್ತಿ ಅಂಕ ಕೊಡಿ, ಸುತ್ತು ರದ್ದು ಮಾಡಬೇಡಿ.

ಟೈ ಆದರೆ ಕೇಳಲು ಒಂದು ಪ್ರಶ್ನೆ ಕೊಟ್ಟಿರುತ್ತೇನೆ: '1964ರ ಜಾನಿ ಕ್ವೆಸ್ಟ್ ಸರಣಿಯಲ್ಲಿ ಜಾನಿಯ ಗೆಳೆಯ ಹಾಜಿ ಭಾರತದ ಯಾವ ನಗರದ ಹುಡುಗ?' ಉತ್ತರ ಕೋಲ್ಕತ್ತ. ಅವನು ಆ ಕುಟುಂಬ ಸೇರಿದ ಬಗೆ 'ಕಲ್ಕತ್ತಾ ಅಡ್ವೆಂಚರ್' ಎಂಬ ಕಂತಿನಲ್ಲಿ ಇದೆ. ಆ ಕಂತಿಗೂ ಮೊದಲೇ ಅವನು ಬೇರೆ ಕಂತುಗಳಲ್ಲಿ ಕಾಣಿಸಿಕೊಂಡಿದ್ದಾನೆ, ಆದ್ದರಿಂದ 'ಮೊದಲು ಕಾಣಿಸಿಕೊಂಡ ಕಂತು ಯಾವುದು?' ಎಂದು ಮಾತ್ರ ತಿರುಗಿಸಿ ಕೇಳಬೇಡಿ.